ಆಗಸ್ಟ್ ಕೊನೆಯ ಲೀಚ್ ಲೇಕ್: ವಾಲೈ ಹಿಡಿಯುವುದು, ಮಸ್ಕಿಗೆ ಕಾಯುವುದು

ಮಲೆನಾಡಿನಲ್ಲಿ ಹುಟ್ಟಿದವನಿಗೆ ಉಂಬಳದ, ಅಂದರೆ ಜಿಗಣೆಯ, ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಬಳಿದುಕೊಂಡೇ ಅಡಿಕೆ ತೋಟಕ್ಕೆ ಇಳಿದು ಬೆಳೆದವನು ನಾನು. ಅಂಥವನು ಅಮೆರಿಕದ ಮಿನೆಸೋಟ ರಾಜ್ಯಕ್ಕೆ ಬಂದು, ಗಾಳದ ಎರೆ ಮಾರುವ ಬೈಟ್ ಅಂಗಡಿಯ ಸಾಲಿನಲ್ಲಿ ನಿಂತು, ಜಿಗಣೆಯನ್ನು ಡಜನ್ನಿಗೆ ಇಷ್ಟು ಅಂತ ದುಡ್ಡು ಕೊಟ್ಟು ತಂದು ಫ್ರಿಜ್ಜಿನಲ್ಲಿಟ್ಟ ದಿನ ನನ್ನ ಹೆಂಡತಿ ಎರಡು ಹೊತ್ತು ಮಾತಾಡಲಿಲ್ಲ. ಸಾಲದ್ದಕ್ಕೆ ಹೋಗುತ್ತಿದ್ದ ಸರೋವರದ ಹೆಸರೂ ಲೀಚ್ ಲೇಕ್, ಅಂದರೆ ಜಿಗಣೆ ಸರೋವರ.

ಗೌರಿ-ಗಣೇಶ ಹಬ್ಬದ ಹಿಂದೆ ಮುಂದೆ, ಅಂದರೆ ಆಗಸ್ಟ್ ಮೂರನೇ ವಾರದಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ, ಪ್ರತಿ ವರ್ಷ ನಾನು ವಾಲೈ, ಮಸ್ಕಿ ಎಂಬ ಎರಡು ಜಾತಿಯ ಮೀನು ಹುಡುಕಿಕೊಂಡು ಅಲ್ಲಿಗೆ ಹೋಗುತ್ತೇನೆ. "ನಮಗೂ ಹೇಳಿಕೊಡಿ ಭಾವ" ಅಂತ ಭಾವಮೈದ ಕೇಳಿದ್ದಕ್ಕೆ ಬರೆಯಲು ಕೂತದ್ದು ಇಷ್ಟುದ್ದ ಆಯಿತು. ಬಿದಿರಿನ ಗಳಕ್ಕೆ ದಾರ ಕಟ್ಟಿ ಎರೆಹುಳು ಚುಚ್ಚಿ ಗಾಳ ಹಾಕಿದ ಅನುಭವ ಇದ್ದರೆ ಸಾಕು, ಉಳಿದದ್ದು ಇಲ್ಲಿದೆ.

ಯಾವ ನೀರು, ಯಾವ ಮೀನು

ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು 200 ಮೈಲಿ. ಬ್ರೇನರ್ಡ್ ದಾಟಿ 371ನೇ ಹೆದ್ದಾರಿ ಹಿಡಿದರೆ ಸರೋವರದ ದಡದಲ್ಲಿರುವ ವಾಕರ್ ಎಂಬ ಸಣ್ಣ ಊರು ಸಿಗುತ್ತದೆ. ಸರೋವರದ ವಿಸ್ತಾರ ಒಂದು ಲಕ್ಷ ಎಕರೆಗೂ ಹೆಚ್ಚು. ಬೆಂಗಳೂರು ಮಹಾನಗರದ ಅರ್ಧಕ್ಕಿಂತ ದೊಡ್ಡದು. ಪೂರ್ತಿಯಾಗಿ ಮಿನೆಸೋಟದೊಳಗೇ ಇರುವ ಸರೋವರಗಳಲ್ಲಿ ರೆಡ್ ಲೇಕ್, ಮಿಲ್ ಲ್ಯಾಕ್ಸ್ ಬಿಟ್ಟರೆ ಇದೇ ದೊಡ್ಡದು. ಇದರ ಬಹುಭಾಗ ಲೀಚ್ ಲೇಕ್ ಒಜಿಬ್ವೆ ಎಂಬ ಮೂಲನಿವಾಸಿ ಜನರ ಮೀಸಲು ಪ್ರದೇಶದೊಳಗೆ ಬರುತ್ತದೆ. ಮೀನು ಹುಡುಕಿಕೊಂಡು ನಾವು ಸುತ್ತುವ ಶುಗರ್ ಪಾಯಿಂಟ್‌ನಲ್ಲೇ 1898ರ ಅಕ್ಟೋಬರಿನಲ್ಲಿ ಅವರಿಗೂ ಅಮೆರಿಕದ ಸೈನ್ಯಕ್ಕೂ ಕಾದಾಟ ನಡೆದದ್ದು. ಆಗಸ್ಟ್ ಕೊನೆಗೆ ಕಾಡುಭತ್ತದ ಕೊಯ್ಲೂ ಶುರುವಾಗುತ್ತದೆ. ದೋಣಿಯಲ್ಲಿ ಇಬ್ಬರು ಕೂತು ಕೋಲಿನಿಂದ ತೆನೆ ಬಡಿಯುತ್ತಿರುವುದು ಕಂಡರೆ ದೂರದಿಂದಲೇ ಸುತ್ತಿಕೊಂಡು ಹೋಗಿ. ಭತ್ತದ ಪೈರಿನ ಮೇಲೆ ಮೋಟಾರು ಓಡಿಸುವುದು ಇನ್ನೊಬ್ಬರ ಗದ್ದೆಗೆ ದನ ಬಿಟ್ಟ ಹಾಗೆ.

ವಾಲೈ ಮಿನೆಸೋಟದ ರಾಜ್ಯಮೀನು, 1965ರಿಂದ. ಒಜಿಬ್ವೆ ಭಾಷೆಯಲ್ಲಿ 'ಓಗಾ'. ಅದರ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಟಾರ್ಚಿಗೆ ಹೊಳೆಯುತ್ತದೆ. ಕಣ್ಣಿನೊಳಗೆ ಬೆಳಕನ್ನು ಹಿಂದಕ್ಕೆ ತಿರುಗಿಸುವ ಪದರ ಇರುವುದರಿಂದ ಮಬ್ಬು ಬೆಳಕಿನಲ್ಲಿ ಬೇಟೆಗಿಂತ ಅದಕ್ಕೇ ಚೆನ್ನಾಗಿ ಕಾಣುತ್ತದೆ. ತಿನ್ನಲು ಇದಕ್ಕಿಂತ ರುಚಿಯ ಸಿಹಿನೀರಿನ ಮೀನು ನಾನು ಕಂಡಿಲ್ಲ.

ಮಸ್ಕಿ ಬೇರೆಯೇ ಜಾತಿ, ಬೇರೆಯೇ ಸ್ವಭಾವ. ಮೊಸಳೆಯ ಮೂತಿ, ಸೂಜಿಹಲ್ಲು, ನಾಲ್ಕು ಅಡಿ ಮೀರುವ ಮೈ. ಹತ್ತು ಸಾವಿರ ಎಸೆತಕ್ಕೊಂದು ಮೀನು ಅಂತ ಇಲ್ಲಿಯ ಗಾದೆ. ಉತ್ಪ್ರೇಕ್ಷೆಯೇ ಸರಿ, ಆದರೆ ಇಡೀ ದಿನ ಎಸೆದು ಬರಿಗೈಯಲ್ಲಿ ಬರುವುದು ಮಾತ್ರ ಮಾಮೂಲು. 50 ಇಂಚು ಮುಟ್ಟಲು ಅದಕ್ಕೆ ಹದಿನೈದು ವರ್ಷದ ಹತ್ತಿರ ಬೇಕು. ಆದ್ದರಿಂದ ಮಸ್ಕಿ ಹಿಡಿಯುವವರಲ್ಲಿ ಬಹುತೇಕರು ಅದನ್ನು ನೀರಿಗೇ ಬಿಡುತ್ತಾರೆ. ನಾನೂ ಬಿಡುತ್ತೇನೆ.

ಎರಡನ್ನೂ ಒಂದೇ ಪ್ರವಾಸದಲ್ಲಿ ಹುಡುಕಲು ಕಾರಣ ಇದೆ. ವಸಂತದಲ್ಲಿ ಹುಟ್ಟಿದ, ಪರ್ಚ್ ಅನ್ನುವ ಸಣ್ಣ ಮೀನಿನ ಮರಿಗಳು ಆಗಸ್ಟ್ ಕೊನೆಗೆ ಹೆಬ್ಬೆರಳಿನ ಗಾತ್ರಕ್ಕೆ ಬಂದಿರುತ್ತವೆ. ಅವು ಜೊಂಡು, ಕಲ್ಲುದಿಬ್ಬಗಳ ಸುತ್ತ ಗುಂಪುಗೂಡುತ್ತವೆ. ಮರಿಗಳ ಹಿಂದೆ ವಾಲೈ, ಅದೇ ಜೊಂಡಿನ ನೆರಳಿನಲ್ಲಿ ಮಸ್ಕಿ. ಹಾಗಾಗಿ ನಿಮ್ಮ ಕೆಲಸ ಮೊದಲು ಪರ್ಚ್ ಮರಿ ಹುಡುಕುವುದು. ಅದಕ್ಕೆ ಗಾಳಿ ದಾರಿ ತೋರಿಸುತ್ತದೆ.

ಹೊರಡುವ ಮುನ್ನ

ಹದಿನಾರು ತುಂಬಿದವರಿಗೆ ಲೈಸೆನ್ಸ್ ಬೇಕು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ, ಅಂದರೆ ಡಿಎನ್‌ಆರ್, ಅದನ್ನು ಆನ್‌ಲೈನ್‌ನಲ್ಲೇ ಕೊಡುತ್ತದೆ. ಬೇಸಿಗೆಯಲ್ಲಿ ತಲೆಗೆ ಒಂದೇ ಗಾಳದ ದಾರ. ಇನ್ನೊಂದು ರಾಡು ನೀರಿನಲ್ಲಿದ್ದರೆ ದಂಡ. ಮಸ್ಕಿ ಋತು ಜೂನ್ ಮೊದಲ ಶನಿವಾರದಿಂದ ಡಿಸೆಂಬರ್ 1ರವರೆಗೆ. ಮನೆಗೆ ಒಯ್ಯುವ ಮಸ್ಕಿ ಕನಿಷ್ಠ 54 ಇಂಚು ಇರಬೇಕು, ಅಂದರೆ ಒಯ್ಯಲೇಬೇಡಿ ಅಂತಲೇ ಅರ್ಥ. ವಾಲೈಗೆ ಲೀಚ್ ಲೇಕ್‌ನದೇ ಆದ ಎಣಿಕೆ, ಉದ್ದದ ನಿಯಮ ಇದೆ, ಬದಲಾಗುತ್ತಲೂ ಇರುತ್ತದೆ. ಆ ವರ್ಷದ ನಿಯಮಪುಸ್ತಕ ಫೋನಿನಲ್ಲಿ ಇಳಿಸಿಕೊಂಡೇ ಹೊರಡಿ. ಹೋದ ವರ್ಷ ಹೀಗಿತ್ತು ಅನ್ನುವ ಮಾತು ತಪಾಸಣೆಗೆ ಬರುವ ವಾರ್ಡನ್ ಮುಂದೆ ನಡೆಯುವುದಿಲ್ಲ.

ಸ್ವಂತ ಬೋಟು ಬೇಕಿಲ್ಲ. ದಡದ ರೆಸಾರ್ಟುಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಆಳ, ಮೀನು ತೋರಿಸುವ ಸೋನಾರ್ ಇರುವುದನ್ನೇ ಕೇಳಿ ಪಡೆಯಿರಿ. ಹದಿನಾರು ಅಡಿಗಿಂತ ಚಿಕ್ಕದು ಬೇಡ. ಈ ಸರೋವರದ ನಡುಭಾಗ ಅಗಲ ಮತ್ತು ಆಳ ಕಡಿಮೆ, ಗಾಳಿ ಎದ್ದರೆ ಅಲೆಗಳು ಹತ್ತಿರ ಹತ್ತಿರ, ಕಡಿದಾಗಿ ಏಳುತ್ತವೆ. ಲೈಫ್ ಜಾಕೆಟ್ ಸೀಟಿನ ಕೆಳಗೆ ತುರುಕದೆ ಮೈಮೇಲೆ ಹಾಕಿಕೊಳ್ಳಿ.

ವಾಲೈಗೆ ಏಳು ಅಡಿಯ ಮಧ್ಯಮ ರಾಡು, 8ರಿಂದ 10 ಪೌಂಡ್ ತಡೆಯುವ ದಾರ. ಮಸ್ಕಿಗೆ ಎಂಟೂವರೆ-ಒಂಬತ್ತು ಅಡಿಯ ಗಟ್ಟಿ ರಾಡು, 80 ಪೌಂಡ್ ತಡೆಯುವ ಹೆಣೆದ ದಾರ, ತುದಿಗೆ 100 ಪೌಂಡಿಗಿಂತ ಹೆಚ್ಚು ತಡೆಯುವ ಫ್ಲೋರೋಕಾರ್ಬನ್ ಲೀಡರ್, ಅಂದರೆ ದಾರದ ಕೊನೆಗೆ ಕಟ್ಟುವ ಗಟ್ಟಿ ತುಂಡು. ಲೀಡರ್ ಇಲ್ಲದಿದ್ದರೆ ಹಲ್ಲಿಗೆ ದಾರ ಬ್ಲೇಡಿಗೆ ಸಿಕ್ಕಂತೆ ಕತ್ತರಿಸುತ್ತದೆ, ಮೀನು ಬಾಯಲ್ಲಿ ಮೂರು ಮುಳ್ಳು ಇಟ್ಟುಕೊಂಡು ಓಡುತ್ತದೆ. ದೊಡ್ಡ ಬಲೆ, ಉದ್ದ ಮೂತಿಯ ಇಕ್ಕಳ, ಗಾಳದ ಕೊಕ್ಕೆ ಕತ್ತರಿಸುವ ಕಟ್ಟರ್, ಈ ಮೂರೂ ಇಲ್ಲದೆ ಮಸ್ಕಿಗೆ ಎಸೆಯಬೇಡಿ. ಹಣ ಕಡಿಮೆ ಇದ್ದರೆ ಲ್ಯೂರ್, ಅಂದರೆ ಮೀನನ್ನು ಮರುಳು ಮಾಡುವ ಕೃತಕ ಎರೆ, ಕಡಿಮೆ ಕೊಳ್ಳಿ, ಕಟ್ಟರ್ ಬಿಡಬೇಡಿ.

ಗಾಳಿ ಯಾವ ಕಡೆ

ಬೆಳಿಗ್ಗೆ ಬೋಟು ಇಳಿಸುವ ಮೊದಲು ಎರಡು ಪ್ರಶ್ನೆ: ನಿನ್ನೆಯಿಂದ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ? ಅದು ಯಾವ ದಂಡೆಗೆ, ಯಾವ ಕಲ್ಲುದಿಬ್ಬಕ್ಕೆ ಬಡಿಯುತ್ತಿದೆ?

ಹೊಸಬರು ಗಾಳಿಗೆ ಬೆನ್ನು ಮಾಡಿ ನೀರು ಕನ್ನಡಿಯಂತಿರುವ ಮೂಲೆ ಹುಡುಕುತ್ತಾರೆ. ಕೂರಲು ಸುಖ, ಮೀನು ಕಡಿಮೆ. ಅಲೆ ಬಡಿಯುವ ಕಡೆ ಬೆಳಕು ಒಡೆದು ನೀರಿನೊಳಗೆ ಮಬ್ಬಾಗುತ್ತದೆ, ಸೂಕ್ಷ್ಮಜೀವಿಗಳು ಅತ್ತ ತಳ್ಳಿಕೊಂಡು ಹೋಗುತ್ತವೆ, ಮರಿಮೀನು ಅವುಗಳ ಹಿಂದೆ. ಮಬ್ಬಿನಲ್ಲಿ ವಾಲೈಗೆ ಕಾಣುತ್ತದೆ, ಪರ್ಚ್‌ಗೆ ಕಾಣುವುದಿಲ್ಲ. ಅಲ್ಲಿಗೆ ಕಥೆ ಮುಗಿಯಿತು. ಗಂಟೆಗೆ ಹತ್ತು ಮೈಲಿ ಗಾಳಿ ಒಳ್ಳೆಯದು. ಹದಿನೈದಾದರೆ ದಡದ ಹತ್ತಿರವೇ ಇರಿ. ಅದಕ್ಕಿಂತ ಹೆಚ್ಚಾದರೆ ಕಾಫಿ ಕುಡಿಯಿರಿ.

ನನ್ನ ಪಟ್ಟಿ: ದಕ್ಷಿಣ-ನೈಋತ್ಯ ಗಾಳಿಗೆ ಆಟರ್‌ಟೇಲ್ ಪಾಯಿಂಟ್ ಸುತ್ತಮುತ್ತ, ವಾಯವ್ಯ ಗಾಳಿಗೆ ಪೆಲಿಕನ್ ಐಲ್ಯಾಂಡ್ ಕಡೆಯ ಕಲ್ಲುಗಳು, ಗಾಳಿ ಹೆಚ್ಚಾದರೆ ವಾಕರ್ ಬೇ ಎಂಬ ಕೊಲ್ಲಿ. ಈ ವಾಕರ್ ಬೇ ಉಳಿದ ಸರೋವರದಂತಲ್ಲ, ನೂರು ಅಡಿಗೂ ಮೀರಿ ಆಳ. ಬೇಸಿಗೆ ಕೊನೆಗೆ ಅಲ್ಲಿ ಮೇಲಿನ ಬಿಸಿನೀರು, ಕೆಳಗಿನ ತಣ್ಣೀರು ಬೇರೆ ಬೇರೆಯಾಗಿ ನಿಲ್ಲುತ್ತವೆ. ಸೋನಾರ್ ಪರದೆಯಲ್ಲಿ ಅದು ಹೊಗೆಯ ಗೆರೆಯಂತೆ ಕಾಣುತ್ತದೆ. ಮೀನು ಹುಡುಕುವುದು ಆ ಗೆರೆಗಿಂತ ಮೇಲೆ. ನಡುಸರೋವರದಲ್ಲಿ ಗಾಳಿ ನೀರನ್ನು ಮಗುಚುತ್ತಲೇ ಇರುವುದರಿಂದ ಇಂಥ ಗೆರೆ ನಿಲ್ಲುವುದಿಲ್ಲ.

ವಾಲೈ: ಬೆಳಗಿನ ಪಾಳಿ

ಆಗಸ್ಟ್ ಕೊನೆಗೆ ವಾಕರ್‌ನಲ್ಲಿ ಸೂರ್ಯ ಹುಟ್ಟುವುದು ಆರೂವರೆಗೆ. ಆರಕ್ಕೆ ನೀರಿನ ಮೇಲಿರಿ.

ಬೇಸಿಗೆ ಮೊದಲಲ್ಲಿ ಜಿಗಣೆ ರಾಜ. ಆದರೆ ಈ ಹೊತ್ತಿಗೆ ಅಂಗಡಿಯಲ್ಲಿ ಒಳ್ಳೆಯ ಜಿಗಣೆ ಸಿಗುವುದೇ ಕಷ್ಟ, ಸಿಕ್ಕರೂ ಸಣ್ಣವು. ಎರೆಹುಳುವಿಗೆ ಬನ್ನಿ. ಇಲ್ಲಿ ನೈಟ್‌ಕ್ರಾಲರ್ ಅನ್ನುವ ದಪ್ಪ ಹುಳು, ಆರೇಳು ಇಂಚು ಉದ್ದ. ಅದನ್ನು ಕಟ್ಟುವುದು ಸ್ಪಿನ್ನರ್ ಹಾರ್ನೆಸ್ಸಿಗೆ: ನಾಲ್ಕರಿಂದ ಆರು ಅಡಿ ದಾರ, ಮುಂದೆ ತಿರುಗುವ ತಗಡಿನ ಎಲೆ, ನಾಲ್ಕಾರು ಮಣಿ, ಹಿಂದೆ ಮುಂದೆ ಎರಡು ಕೊಕ್ಕೆ.

ಹುಳು ಚುಚ್ಚುವುದರಲ್ಲೇ ಅರ್ಧ ಬೇಟೆ ಇದೆ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಹುಳುವಿನ ಮೈಮೇಲೆ ಪಟ್ಟಿಯಂತೆ ಉಬ್ಬಿದ ಭಾಗ ಇದೆಯಲ್ಲ, ಅದಕ್ಕೆ ಹತ್ತಿರವಿರುವ ತುದಿ ತಲೆ. ಮುಂದಿನ ಕೊಕ್ಕೆಯನ್ನು ತಲೆಯ ತುದಿಗೆ, ಕಡಲೆಕಾಳಿನಷ್ಟು ಒಳಗೆ ಹೊಗಿಸಿ ಹೊರಗೆ ತೆಗೆಯಿರಿ. ಈಗ ಕೊಕ್ಕೆ ಹಿಡಿದು ಹುಳುವನ್ನು ಜೋಲಾಡಲು ಬಿಡಿ. ಅದು ಮೊದಲು ಮುದುಡುತ್ತದೆ, ಸುಮ್ಮನಿದ್ದರೆ ಹತ್ತು ಸೆಕೆಂಡಿನಲ್ಲಿ ತಾನೇ ಉದ್ದವಾಗುತ್ತದೆ. ಉದ್ದವಾದ ಮೇಲೆ ಎರಡನೇ ಕೊಕ್ಕೆ ಎಲ್ಲಿಗೆ ಮುಟ್ಟುತ್ತದೋ ಅಲ್ಲೇ ಚುಚ್ಚಿ, ಒಂದು ಕೂದಲೆಳೆಯಷ್ಟು ಹಿಂದೆ ಬೇಕಾದರೆ ಸರಿ, ಮುಂದೆ ಬೇಡ. ಮುಂದೆ ಚುಚ್ಚಿದರೆ ಎರಡು ಕೊಕ್ಕೆಗಳ ನಡುವೆ ಹುಳು ಬಿಲ್ಲಿನಂತೆ ಬಾಗಿ, ಎಳೆಯುವಾಗ ಗಿರಗಿರ ತಿರುಗುತ್ತದೆ. ತಿರುಗುವ ಹುಳುವನ್ನು ವಾಲೈ ಮುಟ್ಟುವುದಿಲ್ಲ, ದಾರ ಮಾತ್ರ ಸಿಕ್ಕಾಗುತ್ತದೆ. ಬೋಟಿನ ಪಕ್ಕದಲ್ಲಿ ನೀರಿಗೆ ಬಿಟ್ಟು ನೋಡಿ: ಎಲೆ ತಿರುಗಬೇಕು, ಹುಳು ನೆಟ್ಟಗೆ ಈಜಬೇಕು.

ಇದನ್ನು ತಳಕ್ಕೆ ಒಯ್ಯುವುದು ಬಾಟಮ್ ಬೌನ್ಸರ್, ಅಂದರೆ ತಂತಿಗೆ ಕಟ್ಟಿದ ಸೀಸದ ಗುಂಡು. ಹತ್ತು ಅಡಿ ಆಳಕ್ಕೆ ಒಂದು ಔನ್ಸ್ ಲೆಕ್ಕ. ಜೊಂಡಿನ ಹೊರ ಅಂಚಿನಲ್ಲಿ, 8ರಿಂದ 14 ಅಡಿ ನೀರಿನಲ್ಲಿ, ಗಂಟೆಗೆ 1ರಿಂದ 1.4 ಮೈಲಿ ವೇಗದಲ್ಲಿ ಎಳೆಯಿರಿ. ನಡಿಗೆಯ ಅರ್ಧ ವೇಗ. ದಾರ ನೀರಿಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಇಳಿದಿರಬೇಕು. ಹಿಂದಕ್ಕೆ ತೀರಾ ದೂರ ಹೋಗಿದ್ದರೆ ಗುಂಡು ಹಗುರ ಅಥವಾ ಬೋಟು ಜೋರು. ಗುಂಡು ತಳವನ್ನು ಆಗಾಗ ಟಕ್ ಅಂತ ಮುಟ್ಟಬೇಕು, ಉಳುಮೆ ಮಾಡಬಾರದು.

ಕಚ್ಚಿದಾಗ ನಮ್ಮವರು ಮಾಡುವ ತಪ್ಪು ಒಂದೇ: ಜಗ್ಗುವುದು. ತುಂಗೆಯಲ್ಲಿ ಬೆಂಡು ಮುಳುಗಿದ ತಕ್ಷಣ ಜಗ್ಗಿ ಅಭ್ಯಾಸ. ಇಲ್ಲಿ ರಾಡನ್ನು ಮೀನಿನ ಕಡೆಗೇ ಒಂದಡಿ ಹಿಂದಕ್ಕೆ ಕೊಡಿ, ಭಾರ ಕೂರಲಿ, ಆಮೇಲೆ ಪಕ್ಕಕ್ಕೆ ನಿಧಾನವಾಗಿ ಬಾಗಿಸಿ. ಅಷ್ಟೇ.

ಸಂಜೆಯ ಪಾಳಿಗೆ ಬೆಂಡು ಸಾಕು. ಕಲ್ಲುದಿಬ್ಬದ ಅಂಚಿಗೆ ಲಂಗರು ಹಾಕಿ, ದಾರದ ಗಂಟು ಸರಿಸಿ ಹುಳುವೋ ಜಿಗಣೆಯೋ ಕಲ್ಲಿಗಿಂತ ಒಂದಡಿ ಮೇಲೆ ನಿಲ್ಲುವಂತೆ ಮಾಡಿ. ಸೂರ್ಯ ಮುಳುಗುವುದು ಎಂಟರ ಸುಮಾರಿಗೆ. ಏಳೂವರೆಯಿಂದ ಕತ್ತಲಾಗುವವರೆಗಿನ ಸಮಯವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ, ಫೋನೂ ಎತ್ತುವುದಿಲ್ಲ.

ಒಂದು ಎಚ್ಚರಿಕೆ. 30 ಅಡಿಗಿಂತ ಆಳದಿಂದ ಮೇಲೆಳೆದ ವಾಲೈಗೆ ಒಳಗಿನ ಗಾಳಿಚೀಲ ಉಬ್ಬುತ್ತದೆ. ತಿರುಗಿ ಬಿಟ್ಟರೂ ಬದುಕುವ ಖಾತ್ರಿ ಇಲ್ಲ. ಬಿಡುವ ಉದ್ದೇಶವಿದ್ದರೆ ಅಷ್ಟು ಆಳಕ್ಕೆ ಹೋಗಬೇಡಿ.

ಮಸ್ಕಿ: ಒಂಬತ್ತರಿಂದ, ಮತ್ತೆ ನಾಲ್ಕರಿಂದ

ವಾಲೈ ಕಚ್ಚುವುದು ನಿಂತಾಗ ದೊಡ್ಡ ರಾಡು ತೆಗೆಯಿರಿ. ಜಾಗ ಬದಲಿಸುವುದೂ ಬೇಡ. ಬೆಳಿಗ್ಗೆ ವಾಲೈ ಸಿಕ್ಕ ಜೊಂಡಿನ ಒಳ ಅಂಚು, 6ರಿಂದ 10 ಅಡಿ, ಮಸ್ಕಿಯ ಮನೆ. ಇಲ್ಲಿಯವರು ಕ್ಯಾಬೇಜ್ ಅಂತ ಹೇಳುವುದು ಕೋಸಿಗಲ್ಲ, ಅಗಲ ಎಲೆಯ ಒಂದು ನೀರುಗಿಡಕ್ಕೆ. ಮೊದಲ ವರ್ಷ ನಾನು ಅದನ್ನು ಕೇಳಿ, ನೀರಿನಲ್ಲಿ ತರಕಾರಿ ಬೆಳೆಯುತ್ತಾರೇನೋ ಅಂದುಕೊಂಡಿದ್ದೆ. ಹಸಿರಾಗಿ ನೆಟ್ಟಗೆ ನಿಂತ ಕ್ಯಾಬೇಜ್ ಬೇಕು. ಕಂದಿ ಮಲಗಿದ್ದನ್ನು ಬಿಟ್ಟು ಮುಂದೆ ಹೋಗಿ.

ಬೋಟಿನಲ್ಲಿ ಇಬ್ಬರಿದ್ದರೆ ಮುಂದಿನವರು ಬಕ್‌ಟೇಲ್ ಎಸೆಯಲಿ, ಎರಡು ದೊಡ್ಡ ತಗಡು ತಿರುಗುವ ಲ್ಯೂರ್, ವೇಗವಾಗಿ ಸುತ್ತಿಕೊಳ್ಳುವಂಥದ್ದು. ಹಿಂದಿನವರು ನೀರಿನ ಮೇಲೆ ಸದ್ದು ಮಾಡುತ್ತಾ ಬರುವ ಟಾಪ್‌ವಾಟರ್. ಈ ಕಾಲದಲ್ಲಿ ನೀರು 70 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಮಸ್ಕಿ ಚುರುಕಾಗಿರುತ್ತದೆ, ನಿಧಾನ ಬೇಡ. ಆದರೆ ನೀರು 80 ಮುಟ್ಟಿದರೆ ಆ ದಿನ ಮಸ್ಕಿ ಬಿಟ್ಟುಬಿಡಿ. ಬಿಸಿನೀರಿನಲ್ಲಿ ಸೆಣಸಿ ದಣಿದ ಮೀನು ಚೆನ್ನಾಗಿಯೇ ಈಜಿ ಹೋಗಿ, ಆಮೇಲೆ ಎಲ್ಲೋ ಸಾಯುತ್ತದೆ.

ಬಿಸಿಲು, ಗಾಳಿಯಿಲ್ಲದ ದಿನ ಮಸ್ಕಿ ಕಚ್ಚುವುದಿಲ್ಲ ಅನ್ನುವವರಿಗೆ ಇಲ್ಲಿಯ ಹಳಬರು 1955ರ ಜುಲೈ ನೆನಪಿಸುತ್ತಾರೆ. ಧಗೆ, ಎಲೆ ಅಲ್ಲಾಡದ ಗಾಳಿ, ಅಂಥ ದಿನಗಳಲ್ಲಿ ಶುರುವಾಗಿ ಕೆಲವೇ ವಾರದಲ್ಲಿ ಲೀಚ್ ಲೇಕ್‌ನಲ್ಲಿ ನೂರಕ್ಕೂ ಹೆಚ್ಚು ಮಸ್ಕಿ ಸಿಕ್ಕವು. ಆಗ ಬಿಡುವ ರೂಢಿ ಇರಲಿಲ್ಲ, ಕಂಬಕ್ಕೆ ನೇತುಹಾಕಿ ಫೋಟೊ ತೆಗೆದರು. ಯಾಕೆ ಹಾಗಾಯಿತೋ, ನಾನಂತೂ ಗಾಳಿಯನ್ನೇ ನಂಬುತ್ತೇನೆ. ಗುಡುಗು ಬರುವ ಮುನ್ನದ ಒಂದು ಗಂಟೆಯನ್ನೂ ನಂಬುತ್ತೇನೆ. ಮಿಂಚು ಕಂಡ ಕ್ಷಣ ದಡ.

ಇನ್ನು ಎಂಟರ ಆಕಾರ. ಮಸ್ಕಿ ಬಹಳ ಸಲ ಲ್ಯೂರನ್ನು ಕಚ್ಚದೆ ಹಿಂಬಾಲಿಸಿಕೊಂಡು ಬೋಟಿನವರೆಗೆ ಬರುತ್ತದೆ. ಆದ್ದರಿಂದ ಪ್ರತಿ ಎಸೆತದ ಕೊನೆಗೆ, ಮೀನು ಕಂಡಿರಲಿ ಬಿಡಲಿ, ಲೀಡರ್ ರಾಡಿನ ತುದಿಗೆ ಒಂದಡಿ ಇರುವಾಗ ಸುತ್ತುವುದು ನಿಲ್ಲಿಸಿ. ರಾಡಿನ ತುದಿಯನ್ನು ನೀರೊಳಗೆ ಎರಡಡಿ ಮುಳುಗಿಸಿ, ಅಂಗಳದಲ್ಲಿ ದೊಡ್ಡ ರಂಗೋಲಿ ಎಳೆದಂತೆ ಇಂಗ್ಲಿಷಿನ 8 ಬರೆಯಿರಿ. ತಿರುವುಗಳು ಅಗಲ ಇರಲಿ, ನಾಲ್ಕಡಿ ಮೀನು ಸಣ್ಣ ತಿರುವಿನಲ್ಲಿ ತಿರುಗಲಾರದು. ತಿರುವಿನಲ್ಲಿ ಲ್ಯೂರು ಸ್ವಲ್ಪ ಮೇಲೇಳಲಿ, ವೇಗ ಹೆಚ್ಚಲಿ. ಕನಿಷ್ಠ ಎರಡು ಸುತ್ತು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾಲ್ಕನೇ ವರ್ಷ, ಶುಗರ್ ಪಾಯಿಂಟ್ ಬಳಿ, ಆರು ಗಂಟೆ ಎಸೆದು ಕೈ ಸೋತಿತ್ತು. ಎಂಟು ಗಿಂಟು ಬರೆಯದೆ ಲ್ಯೂರನ್ನು ನೀರಿನಿಂದ ಎತ್ತಿಬಿಟ್ಟೆ. ಅದು ಗಾಳಿಯಲ್ಲಿ ನೀರು ತೊಟ್ಟಿಕ್ಕುತ್ತಾ ತೂಗಾಡುತ್ತಿದ್ದಾಗ ಕೆಳಗೆ ನೋಡಿದೆ. ಕಂದು ಬಣ್ಣದ ಮರದ ದಿಮ್ಮಿಯೊಂದು ನನ್ನ ಬೂಟಿನ ಪಕ್ಕಕ್ಕೇ ಬಂದು ನಿಂತಿತ್ತು. ದಿಮ್ಮಿಗೆ ಕಿವಿರು ಇತ್ತು, ತೆರೆದು ಮುಚ್ಚುತ್ತಿತ್ತು. ನನ್ನನ್ನೇ ನೋಡುತ್ತಿದೆ ಅನ್ನಿಸಿತು. ಆಮೇಲೆ ಬಾಲ ಕೂಡ ಅಲುಗಿಸದೆ, ಹಾಗೇ ಕೆಳಕ್ಕೆ ಇಳಿದು ಕಾಣದಾಯಿತು. "ಏನದು ಭಾವ?" ಅಂದ ಭಾವಮೈದ ಹಿಂದಿನಿಂದ. ನನಗೆ ಬಾಯಿ ಹೊರಡಲಿಲ್ಲ.

ಹಿಂಬಾಲಿಸಿ ಕಚ್ಚದೆ ಹೋದ ಮೀನಿನ ಜಾಗವನ್ನು ಫೋನಿನ ನಕ್ಷೆಯಲ್ಲಿ ಗುರುತಿಟ್ಟುಕೊಂಡು, ಸಂಜೆ ಬೆಳಕು ಇಳಿಯುವಾಗ ಬೇರೆ ಲ್ಯೂರ್ ಜತೆ ವಾಪಸ್ ಬನ್ನಿ. ನನಗೆ ಸಿಕ್ಕ ಮಸ್ಕಿಗಳಲ್ಲಿ ಅರ್ಧ ಹೀಗೆ ಎರಡನೇ ಭೇಟಿಯಲ್ಲಿ ಸಿಕ್ಕವು.

ಬಕ್‌ಟೇಲ್‌ಗೆ ಕಚ್ಚಿದರೆ ಪಕ್ಕಕ್ಕೆ ಜೋರಾಗಿ ಎಳೆಯಿರಿ. ಇಲ್ಲಿ ವಾಲೈಯ ಮೆದುತನ ಬೇಡ. ಟಾಪ್‌ವಾಟರ್‌ಗೆ ನೀರು ಸಿಡಿದ ಕೂಡಲೇ ಎಳೆಯಬೇಡಿ, ಕೈಗೆ ಭಾರ ಬರುವವರೆಗೆ ಸುತ್ತುತ್ತಲೇ ಇರಿ. ಹೇಳುವುದು ಸುಲಭ.

ಬಲೆಗೆ ಬಂದ ಮೇಲೆ

ಮಸ್ಕಿ ಬಲೆಯಲ್ಲಿ, ಬಲೆ ನೀರಿನಲ್ಲಿ. ಬೋಟಿನೊಳಕ್ಕೆ ಎತ್ತಬೇಡಿ. ನೀರಿನಲ್ಲೇ ಇಕ್ಕಳದಿಂದ ಕೊಕ್ಕೆ ಬಿಡಿಸಿ. ಆಳಕ್ಕೆ ಹೋಗಿದ್ದರೆ ಕಟ್ಟರಿನಿಂದ ಕತ್ತರಿಸಿ, ಲ್ಯೂರಿಗೆ ಹೊಸ ಕೊಕ್ಕೆ ಒಂದೆರಡು ಡಾಲರ್. ಕೈ ಬಾಯಿಯ ಹತ್ತಿರ ಒಯ್ಯಬೇಡಿ: ಮೀನು ಒಮ್ಮೆ ಕೊಡವಿದರೆ ಇನ್ನೊಂದು ಕೊಕ್ಕೆ ನಿಮ್ಮ ಬೆರಳಿಗೆ, ಆಗ ನೀವೂ ಮೀನೂ ಒಂದೇ ಲ್ಯೂರಿಗೆ.

ಫೋಟೊ ಬೇಕೇ? ಕ್ಯಾಮೆರಾ ಮೊದಲೇ ಸಿದ್ಧವಾಗಲಿ. ಒಂದು ಕೈ ಕಿವಿರಿನ ಮುಚ್ಚಳದ ಅಂಚಿನೊಳಗೆ, ಒಳಗಿನ ಕೆಂಪು ಕಿವಿರು ಮುಟ್ಟದಂತೆ, ಇನ್ನೊಂದು ಹೊಟ್ಟೆಯ ಕೆಳಗೆ, ಮೀನು ಅಡ್ಡಡ್ಡ. ತಲೆ ಮೇಲೆ ಬಾಲ ಕೆಳಗೆ ಅಂತ ನೇತುಹಾಕಬೇಡಿ. ನೀವು ಉಸಿರು ಹಿಡಿದುಕೊಂಡೇ ಎತ್ತಿ, ನಿಮಗೆ ಉಸಿರು ಬೇಕಾದಾಗ ಅದಕ್ಕೂ ಬೇಕು. ನೀರಿಗಿಳಿಸಿ ಬಾಲದ ಬುಡ ಹಿಡಿದುಕೊಂಡು ಕಾಯಿರಿ. ಕೈಯಿಂದ ತಾನೇ ಒದ್ದುಕೊಂಡು ಹೋದಾಗ ಬಿಟ್ಟರೆ ಸಾಕು.

ವಾಲೈ ಅಡುಗೆಗೆ 15ರಿಂದ 18 ಇಂಚಿನದು ಚಂದ. ದೊಡ್ಡವು ಮೊಟ್ಟೆಯಿಡುವ ಹೆಣ್ಣುಗಳು, ನಿಯಮ ಬಿಟ್ಟರೂ ನಾನು ಇಟ್ಟುಕೊಳ್ಳುವುದಿಲ್ಲ. ಹಿಡಿದ ಕೂಡಲೇ ಐಸಿಗೆ. ಇಲ್ಲಿಯವರು ಮೈದಾ, ಬಿಯರ್ ಹಿಟ್ಟಿನಲ್ಲಿ ಕರಿಯುತ್ತಾರೆ. ನಮ್ಮ ಬೋಟಿನವರು ಬ್ಯಾಡಗಿ ಮೆಣಸಿನಪುಡಿ, ಅರಿಶಿನ, ಹುಣಸೆರಸ, ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು, ಸಣ್ಣ ರವೆಯಲ್ಲಿ ಹೊರಳಿಸಿ ಕಾವಲಿ ಮೇಲೆ ಹಾಕುತ್ತೇವೆ. ಮಸ್ಕಿ, ಪೈಕ್ ಮೀನುಗಳಲ್ಲಿ ಇರುವಂಥ ಕವೆಮುಳ್ಳು ಇದರ ಮಾಂಸದೊಳಗೆ ಇಲ್ಲ, ಮಕ್ಕಳಿಗೂ ಧೈರ್ಯವಾಗಿ ಕೊಡಬಹುದು.

ದಡಕ್ಕೆ ವಾಪಸ್

ಬೋಟು ಮೇಲೆಳೆದ ಮೇಲೆ ಟ್ರೇಲರಿಗೆ ಸಿಕ್ಕಿಕೊಂಡ ಜೊಂಡನ್ನೆಲ್ಲ ಕಿತ್ತು ಹಾಕಿ. ಒಂದು ಸರೋವರದ ಕಳೆ, ಜೀಬ್ರಾ ಚಿಪ್ಪು ಇನ್ನೊಂದಕ್ಕೆ ಹೋಗುವುದು ಹೀಗೆಯೇ. ಮೀನಿನ ತೊಟ್ಟಿ ಖಾಲಿ ಮಾಡಿ. ಉಳಿದ ಎರೆಹುಳುವನ್ನು ಮಣ್ಣಿಗೆ ಬಿಟ್ಟು ಪುಣ್ಯ ಕಟ್ಟಿಕೊಂಡೆ ಅಂದುಕೊಳ್ಳಬೇಡಿ, ಕಸದ ಡಬ್ಬಿಗೆ ಹಾಕಿ. ಮಿನೆಸೋಟದ ಕಾಡಿಗೆ ಎರೆಹುಳು ಮೂಲದ್ದಲ್ಲ, ಎಲ್ಲ ಹೊರಗಿನಿಂದ ಬಂದದ್ದು. ತರಗೆಲೆಯ ಹಾಸನ್ನೇ ತಿಂದು ಕಾಡಿನ ನೆಲ ಕೆಡಿಸುತ್ತವೆ. ಊರಲ್ಲಿ ರೈತನ ಮಿತ್ರ, ಇಲ್ಲಿ ಕಳ್ಳ.

ಕೊನೆಗೆ ಬೋಟಿನ ತಳದ ಬಿರಡೆ. ಅದನ್ನು ತೆಗೆದು ನೀರು ಹರಿಯಬಿಟ್ಟು, ತೆಗೆದೇ ಇಟ್ಟುಕೊಂಡು ರಸ್ತೆಯಲ್ಲಿ ಹೋಗಬೇಕು ಅಂತ ಕಾನೂನು. ತೆಗೆಯುವುದು ಎಲ್ಲರಿಗೂ ನೆನಪಿರುತ್ತದೆ. ಮರುದಿನ ಬೆಳಿಗ್ಗೆ ಆರಕ್ಕೆ, ಕತ್ತಲಲ್ಲಿ, ಕಾಫಿ ಕುಡಿಯುವ ಮೊದಲು ವಾಪಸ್ ಹಾಕುವುದು ನೆನಪಿರುವುದಿಲ್ಲ. ನಾವು ದಡದಿಂದ ಇನ್ನೂರು ಗಜ ಹೋದ ಮೇಲೆ ಭಾವಮೈದ "ಭಾವ, ನನ್ನ ಸಾಕ್ಸು ಒದ್ದೆ" ಅಂದ. ಈಗ ಬಿರಡೆ ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಬೋಟಿನ ಕೀಲಿಕೈ ಜತೆಗೇ ನೇತಾಡುತ್ತದೆ. ಅದನ್ನು ಬಿಚ್ಚದೆ ಮೋಟಾರು ಶುರುವಾಗುವುದಿಲ್ಲ.